ಕಡತದ ಸಾಕ್ಷ್ಯ

ನಮ್ಮ ಹಳ್ಳಿಯ ಮನೆಯ ಅಟ್ಟದ ಮೇಲೆ ಮುತ್ತಾತನವರ ಕಾಲದ ಒಂದು ಕಡತವಿತ್ತು. ಈಗ ಕಚೇರಿಗಳಲ್ಲಿ ಫೈಲು ಎಂಬುದಕ್ಕೆ ಪರ್ಯಾಯವಾಗಿ ನಾವು ಆಡುವ ಕಡತವಲ್ಲ ಅದು. ಆ ಮಾತಿನ ಮೂಲವಾದ ನಿಜವಾದ ಕಡತ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಹಲಗೆಯಷ್ಟು ಬಿರುಸಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದ ಕಡ್ಡಿಯಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ. ಮುತ್ತಾತ ಶಾನುಭೋಗಿಕೆ ಮಾಡಿದವರು. ಯಾರ ಹೊಲ ಎಷ್ಟು, ಯಾರ ಕಂದಾಯ ಎಷ್ಟು ಬಾಕಿ ಎಂಬುದೆಲ್ಲ ಅದರಲ್ಲಿ ಮೋಡಿ ಅಕ್ಷರದಲ್ಲಿತ್ತು. ಬರೆದದ್ದು ಬೇಡವಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಮಸಿ ಬಳಿದು, ಹೊಸದಾಗಿ ಬರೆಯಬಹುದಾಗಿತ್ತು. ಹುಡುಗನಾಗಿದ್ದಾಗ ನಾನೂ ನನ್ನ ಅಣ್ಣನೂ ಸೇರಿ ಅದರ ಎರಡು ಪುಟಗಳನ್ನು ಒರೆಸಿ ಅಲ್ಲಿ ನಮ್ಮ ಮಗ್ಗಿಯನ್ನು ಬರೆದಿದ್ದೆವು. ಯಾವ ರೈತನ ಯಾವ ಬಾಕಿ ಅಂದು ನಮ್ಮ ಅಂಗೈಯಲ್ಲಿ ಅಳಿಸಿಹೋಯಿತೋ ತಿಳಿಯದು.

ಕಾಗದದ ಕಡತಕ್ಕೆ ಈ ದಯೆ ಇಲ್ಲ. ಒಮ್ಮೆ ಗುಮಾಸ್ತನು ಷರಾ ಬರೆದನೆಂದರೆ ಅದು ಬರೆದವನನ್ನೂ ಬರೆಸಿಕೊಂಡವನನ್ನೂ ಮೀರಿ ಬಾಳುತ್ತದೆ. ಅಂಥ ಕಡತಗಳ ಒಂದು ರಾಶಿಯ ಚರಿತ್ರೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಅವು ನಮ್ಮ ನಾಡಿನವಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಕ್ಯಾರೊಲೈನ ಎಂಬ ರಾಜ್ಯದಲ್ಲಿ, ಅಲ್ಲಿನ ಸರ್ಕಾರ ನಡೆಸಿದ ಒಂದು ಚಿಕ್ಕ ಕಚೇರಿಯ ಕಡತಗಳು.

ಮಗಳ ಮನೆಗೆಂದು ಆ ಕಡೆ ಹೋಗಿದ್ದಾಗ, ರಾಜಧಾನಿಯಾದ ರಾಲಿ ನಗರದ ಜೋನ್ಸ್ ರಸ್ತೆಯ ಬದಿಯಲ್ಲಿ ಕಂಬಕ್ಕೆ ಹಾಕಿದ ಒಂದು ಲೋಹದ ಫಲಕವನ್ನು ನೋಡಿದೆ. ಯುದ್ಧ ನಡೆದ ಸ್ಥಳ, ಮಹನೀಯರು ಹುಟ್ಟಿದ ಮನೆ ಇವುಗಳ ನೆನಪಿಗಾಗಿ ಆ ರಾಜ್ಯದವರು ಹಾದಿಬದಿಯಲ್ಲಿ ನೆಡುವ ಫಲಕಗಳಂಥದೇ ಇದು, 2009ರಲ್ಲಿ ನೆಟ್ಟದ್ದು. ಸುಜನನ ಮಂಡಲಿ ಎಂಬುದು ಇಲ್ಲಿಗೆ ಸಮೀಪದಲ್ಲಿ ಸಭೆ ಸೇರುತ್ತಿತ್ತು, ಸರ್ಕಾರದ ಕ್ರಮದಿಂದ 7,600ಕ್ಕೂ ಮಿಕ್ಕ ಜನರಿಗೆ ಅವರ ಇಚ್ಛೆಯಿಂದಲೋ ಬಲವಂತದಿಂದಲೋ ಸಂತಾನಶಕ್ತಿ ಇಲ್ಲದಂತಾಯಿತು ಎಂಬುದು ಅದರ ಒಕ್ಕಣೆಯ ಸಾರ. ಒಂದು ಸರ್ಕಾರ ತನ್ನ ತಪ್ಪಿಗೆ ತಾನೇ ಕಂಬ ನೆಡುವುದು ಅಪರೂಪ. ಆದರೆ ನನ್ನ ಕಣ್ಣು ನಿಂತದ್ದು ಇಚ್ಛೆ, ಬಲವಂತ ಎಂಬ ಆ ಎರಡು ಮಾತುಗಳ ನಡುವಣ ‘ಇಲ್ಲವೆ’ ಎಂಬುದರ ಮೇಲೆ. ಯಾರದು ಇಚ್ಛೆ, ಯಾರದು ಬಲವಂತ ಎಂಬುದನ್ನು ಹೇಗೆ ತಿಳಿದರು? ತಿಳಿಯುವ ದಾರಿ ಒಂದೇ ಇತ್ತು. ಆ ದಾರಿ ಕಡತಗಳದ್ದು.

ಶಸ್ತ್ರಕ್ರಿಯೆಯಿಂದ ಮಕ್ಕಳಾಗದಂತೆ ಮಾಡುವುದಕ್ಕೆ ನಮ್ಮ ಆರೋಗ್ಯ ಇಲಾಖೆಯವರು ‘ಸಂತಾನಹರಣ ಚಿಕಿತ್ಸೆ’ ಎಂಬ ಹೆಸರನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಸೀತಾಪಹರಣ, ದ್ರೌಪದಿಯ ವಸ್ತ್ರಾಪಹರಣ ಎಂದು ಕೇಳಿ ಬೆಳೆದ ಕಿವಿಗೆ ಈ ‘ಹರಣ’ವೆಂಬ ಮಾತು ಮೊದಮೊದಲು ಚುಚ್ಚುತ್ತಿತ್ತು. ತಾನಾಗಿ ಬಯಸಿ ಹೋದವರ ಮಟ್ಟಿಗೆ ಅದು ಸಲ್ಲದ ಮಾತೇ ಸರಿ. ಆದರೆ ನಾನು ಹೇಳಹೊರಟಿರುವ ಜನರ ಪಾಲಿಗೆ ಇಂಗ್ಲಿಷಿನ ಯಾವ ಪದಕ್ಕಿಂತಲೂ ನಮ್ಮ ಈ ಪದವೇ ನಿಜ.

ಉತ್ತಮ ಸಂತತಿಯನ್ನು ಬೆಳೆಸಿ ಅಧಮವಾದುದನ್ನು ತಡೆಯಬೇಕೆಂಬ ವಿಚಾರಕ್ಕೆ ಫ್ರಾನ್ಸಿಸ್ ಗಾಲ್ಟನ್ ಎಂಬ ಆಂಗ್ಲ ವಿದ್ವಾಂಸನು 1883ರಲ್ಲಿ ಹೆಸರಿಟ್ಟನು. ಅದನ್ನು ನಾವು ಸುಜನನಶಾಸ್ತ್ರವೆನ್ನುತ್ತೇವೆ. ಅದನ್ನು ಕಾನೂನಾಗಿ ಮಾಡಿದವರು ಮೊದಲು ಅಮೆರಿಕನ್ನರು, 1907ರಲ್ಲಿ, ಇಂಡಿಯಾನ ರಾಜ್ಯದಲ್ಲಿ. ಹಿಟ್ಲರನ ಜರ್ಮನಿ ಆ ಮಾತಿನಲ್ಲಿ ಶಿಷ್ಯಸ್ಥಾನದ್ದು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. 1927ರಲ್ಲಿ ವರ್ಜೀನಿಯ ರಾಜ್ಯದ ಕ್ಯಾರಿ ಬಕ್ ಎಂಬ ಬಡ ಹುಡುಗಿಯ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ ಇಂಥ ಕಾನೂನು ಸಿಂಧುವೆಂದು ತೀರ್ಪು ಕೊಟ್ಟಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಒಬ್ಬರು ಮಾತ್ರ ಒಪ್ಪಲಿಲ್ಲ. ಮೂರು ತಲೆಮಾರಿನ ಮಂದಮತಿಗಳೆಂದು ಆ ತೀರ್ಪು ಹೆಸರಿಸಿದವರಲ್ಲಿ ಮೂರನೆಯವಳು ಕ್ಯಾರಿಯ ಎಳೆಗೂಸು. ಮುಂದೆ ಶಾಲೆಗೆ ಸೇರಿ ಒಳ್ಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹೆಸರು ಪಡೆದು, ಎಂಟನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಇದು ತಿಳಿದುಬಂದದ್ದೂ ಶಾಲೆಯ ಹಳೆಯ ದಾಖಲೆಗಳಿಂದಲೇ. ತೀರ್ಪು ಲೋಕವಿಖ್ಯಾತವಾಯಿತು, ಮಗುವಿನ ಅಂಕಪಟ್ಟಿ ಅರ್ಧ ಶತಮಾನ ಕಳೆದ ಮೇಲೆ ಸಿಕ್ಕಿತು.

ಉತ್ತರ ಕ್ಯಾರೊಲೈನದ ಕಾನೂನು 1929ರದು. ಎದುರಾಳಿಗೆ ತಿಳುವಳಿಕೆ ಪತ್ರವಿಲ್ಲ, ಅಹವಾಲು ಹೇಳಿಕೊಳ್ಳಲು ಅವಕಾಶವಿಲ್ಲ ಎಂಬ ಕಾರಣದಿಂದ ಅಲ್ಲಿನ ನ್ಯಾಯಾಲಯ 1933ರಲ್ಲಿ ಅದನ್ನು ತಳ್ಳಿಹಾಕಿತು. ಅದೇ ವರ್ಷ ಶಾಸನಸಭೆ ಹೊಸ ಕಾನೂನು ಮಾಡಿ ಐದು ಮಂದಿಯ ಸುಜನನ ಮಂಡಲಿಯನ್ನು ನೇಮಿಸಿತು. ಸಾರ್ವಜನಿಕ ಕಲ್ಯಾಣದ ಕಮಿಷನರು, ಆರೋಗ್ಯ ಮಂಡಲಿಯ ಕಾರ್ಯದರ್ಶಿ, ಇಬ್ಬರು ಸರ್ಕಾರಿ ವೈದ್ಯಾಧಿಕಾರಿಗಳು, ರಾಜ್ಯದ ಅಟಾರ್ನಿ ಜನರಲ್ ಇದರ ಸದಸ್ಯರು. ಎಲ್ಲರೂ ಅಧಿಕಾರದ ನಿಮಿತ್ತ ಬಂದವರು, ಯಾರೂ ದುಷ್ಟರೆಂದು ಹೆಸರಾದವರಲ್ಲ. ರೋಗಿಯ ಮಾನಸಿಕ, ನೈತಿಕ ಅಥವಾ ದೈಹಿಕ ಏಳಿಗೆಗಾಗಿ, ಇಲ್ಲವೆ ಸಾರ್ವಜನಿಕ ಹಿತಕ್ಕಾಗಿ ಎಂಬುದು ಕಾನೂನಿನ ಒಕ್ಕಣೆ. ಮಂದಬುದ್ಧಿ, ಮೂರ್ಛೆರೋಗ, ಚಿತ್ತವಿಕಾರ ಈ ಮೂರು ಕಾರಣಗಳಲ್ಲಿ ಒಂದಿದ್ದರೆ ಸಾಕು.

ಇತರ ರಾಜ್ಯಗಳಲ್ಲಿ ಈ ಕಾನೂನು ಹೆಚ್ಚಾಗಿ ಹುಚ್ಚಾಸ್ಪತ್ರೆಗಳ, ಬುದ್ಧಿಮಾಂದ್ಯರ ಆಶ್ರಮಗಳ ಗೋಡೆಯೊಳಗೇ ನಿಂತಿತು. ಉತ್ತರ ಕ್ಯಾರೊಲೈನದಲ್ಲಿ ಅದು ಊರೊಳಕ್ಕೆ ಬಂತು. ಆ ರಾಜ್ಯದಲ್ಲಿ 100 ಕೌಂಟಿಗಳಿವೆ. ಕೌಂಟಿಯೆಂದರೆ ನಮ್ಮ ತಾಲ್ಲೂಕೆಂದು ಸದ್ಯಕ್ಕೆ ಭಾವಿಸಿಕೊಳ್ಳಬಹುದು. ಪ್ರತಿ ಕೌಂಟಿಯಲ್ಲೂ ಕಲ್ಯಾಣಾಧಿಕಾರಿ, ಅವನ ಕೈಕೆಳಗೆ ಮನೆಮನೆಗೆ ಹೋಗುವ ಸಮಾಜ ಕಾರ್ಯಕರ್ತರು. ಬಡತಾಯಂದಿರಿಗೆ ಸರ್ಕಾರ ಕೊಡುವ ಮಾಸಾಶನದ ವಿಲೇವಾರಿ ಅವರದು. ತಮ್ಮ ವಶದಲ್ಲಿರುವ ಬಡವರಲ್ಲಿ ಇಂಥವಳಿಗೆ ಇನ್ನು ಮಕ್ಕಳಾಗಬಾರದು ಎಂದು ಮಂಡಲಿಗೆ ಅರ್ಜಿ ಹಾಕುವ ಅಧಿಕಾರ ಇವರಿಗೇ ಸಿಕ್ಕಿತು. ಅನ್ನ ಅಳೆಯುವ ಕೈಗೇ ಕತ್ತರಿಯನ್ನೂ ಕೊಟ್ಟಂತಾಯಿತು. ಒಪ್ಪದಿದ್ದರೆ ಮಾಸಾಶನ ನಿಲ್ಲುತ್ತದೆಂದು ಹೆದರಿಸಿದರೆಂದು ಮುಂದೆ ಹಲವರು ಹೇಳಿಕೊಂಡರು.

ಒಂದೊಂದು ಕಡತದಲ್ಲಿಯೂ ಏನೇನಿರುತ್ತಿತ್ತು? ಅಚ್ಚಾದ ನಮೂನೆಯ ಅರ್ಜಿ; ಸಮಾಜ ಕಾರ್ಯಕರ್ತೆ ಬರೆದ ಕುಟುಂಬವೃತ್ತಾಂತ; ವೈದ್ಯರ ಹೇಳಿಕೆ; ಬುದ್ಧಿಪರೀಕ್ಷೆಯ ಅಂಕ; ಒಪ್ಪಿಗೆಯ ಪತ್ರ. ಬುದ್ಧಿಯ ಅಂಕ 70ಕ್ಕಿಂತ ಕೆಳಗಿದ್ದರೆ ಮಂದಮತಿಯೆಂದು ಗಣನೆ. ಶಾಲೆಯನ್ನು ಸರಿಯಾಗಿ ಕಾಣದ ಹುಡುಗಿಯನ್ನು ಕೂರಿಸಿ ಶಾಲೆಯ ಮಾತಿನಲ್ಲಿ ಪ್ರಶ್ನೆ ಕೇಳಿದರೆ ಅಂಕ ಎಷ್ಟು ಬಂದೀತು? ಕುಟುಂಬವೃತ್ತಾಂತವೆಂಬುದಂತೂ ಊರಿನ ಬಾಯಿಮಾತನ್ನು ಸರ್ಕಾರಿ ಕಾಗದಕ್ಕೆ ಏರಿಸುವ ವಿದ್ಯೆ. ಮನೆ ಗಲೀಜು, ತಂದೆ ಕುಡುಕ, ಹುಡುಗಿ ಹೇಳಿದ ಮಾತು ಕೇಳುವುದಿಲ್ಲ, ರಾತ್ರಿ ತಡವಾಗಿ ಬರುತ್ತಾಳೆ ಎಂಬ ನೆರೆಹೊರೆಯ ದೂರುಗಳು ಟೈಪಾಗಿ, ದಿನಾಂಕ ಪಡೆದು, ರುಜುವಾದೊಡನೆ ಪುರಾವೆಯಾಗುತ್ತಿದ್ದವು. ಮಂಡಲಿ ತಿಂಗಳಿಗೊಮ್ಮೆ ರಾಲಿಯಲ್ಲಿ ಸೇರುತ್ತಿತ್ತು. ಒಂದೇ ಸಭೆಯಲ್ಲಿ ಹಲವು ಪ್ರಕರಣಗಳ ತೀರ್ಮಾನ. ಆ ಐವರು ಸಾಮಾನ್ಯವಾಗಿ ನೋಡುತ್ತಿದ್ದುದು ಮನುಷ್ಯರನ್ನಲ್ಲ, ಕಡತದ ಸಾರಾಂಶವನ್ನು. ಬಂದ ಅರ್ಜಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂಜೂರಾದವು. ಗುರಿಯಾದವರಲ್ಲಿ ನೂರಕ್ಕೆ ಸುಮಾರು ಎಂಬತ್ತೈದು ಮಂದಿ ಹೆಂಗಸರು. ಕೆಲವರು ಇನ್ನೂ ಹತ್ತು ವರ್ಷ ದಾಟಿದ ಮಕ್ಕಳು. ಮೊದಮೊದಲು ಬಿಳಿಯ ಬಡವರೇ ಹೆಚ್ಚಾಗಿದ್ದರು. ಮಾಸಾಶನದ ಪಟ್ಟಿಗೆ ಕಪ್ಪು ಜನರೂ ಸೇರತೊಡಗಿದ ಮೇಲೆ ಅರ್ಜಿಗಳ ಮೈಬಣ್ಣವೂ ಬದಲಾಗಿ, 1960ರ ದಶಕದಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಪ್ಪು ಹೆಂಗಸರೇ ಆದರು.

ಜರ್ಮನಿಯ ಘೋರಗಳು ಲೋಕಕ್ಕೆ ತಿಳಿದ ಮೇಲೆ ಎಷ್ಟೋ ರಾಜ್ಯಗಳು ನಾಚಿ ಹಿಂದೆಗೆದುವು. ಉತ್ತರ ಕ್ಯಾರೊಲೈನದ ಮಂಡಲಿಯ ಕೆಲಸ ಭರದಿಂದ ನಡೆದದ್ದು ಮಹಾಯುದ್ಧದ ತರುವಾಯವೇ. 1947ರಲ್ಲಿ ಶ್ರೀಮಂತ ಉದ್ಯಮಿಗಳು ಸೇರಿ ಅಲ್ಲೊಂದು ‘ಮಾನವೋನ್ನತಿ ಸಂಘ’ವನ್ನು ಕಟ್ಟಿ, ಕರಪತ್ರಗಳನ್ನು ಹಂಚಿ, ಇದು ಕರುಣೆಯ ಕೆಲಸವೆಂದು ಸಾರಿದರು. ಬಹುಶಃ ಹಾಗೆಂದೇ ನಂಬಿದ್ದರು ಕೂಡ.

ಈ ಕಡತಗಳು ಗುಟ್ಟಿನವು. ಅವುಗಳಲ್ಲಿರುವ ಹೆಸರುಗಳನ್ನು ಆಡುವ ಹಕ್ಕು ಯಾರಿಗೂ ಇಲ್ಲ. ಆದ್ದರಿಂದ ತಾನಾಗಿ ಲೋಕದ ಮುಂದೆ ನಿಂತು ತನ್ನ ಕಥೆಯನ್ನು ಹೇಳಿಕೊಂಡ ಒಬ್ಬಳನ್ನು ಮಾತ್ರ ಇಲ್ಲಿ ಹೆಸರಿಸುತ್ತೇನೆ. ಎಲೇನ್ ರಿಡಿಕ್ ಎಂಬಾಕೆ ಆ ರಾಜ್ಯದ ಈಶಾನ್ಯ ಮೂಲೆಯ ಹಳ್ಳಿಗಾಡಿನ ಕಪ್ಪು ಹುಡುಗಿ. ಸಾಕುತ್ತಿದ್ದವಳು ಅಜ್ಜಿ. ನೆರೆಯವನೊಬ್ಬನ ಅತ್ಯಾಚಾರದಿಂದ ಬಸುರಾಗಿ 1968ರ ಮಾರ್ಚಿನಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಹೆರಿಗೆಗೆಂದು ಆಸ್ಪತ್ರೆಗೆ ಹೋದಳು. ಹೊಟ್ಟೆ ಕೊಯ್ದು ಮಗುವನ್ನು ತೆಗೆದ ವೈದ್ಯರು ಅದೇ ಹೊತ್ತಿನಲ್ಲಿ ಮುಂದೆ ಮಕ್ಕಳಾಗದಂತೆಯೂ ಮಾಡಿದರು. ರಾಲಿಯಿಂದ ಮಂಜೂರಾತಿ ಆಗಲೇ ಬಂದಿತ್ತು. ಹುಡುಗಿ ಮಂದಮತಿ, ತನ್ನನ್ನು ತಾನು ಹತೋಟಿಯಲ್ಲಿಟ್ಟುಕೊಳ್ಳಲಾರದವಳು, ಸ್ವೈರ ನಡತೆಯವಳು ಎಂಬುದು ಕಡತದ ಮಾತಿನ ತಾತ್ಪರ್ಯ. ಅತ್ಯಾಚಾರಕ್ಕೆ ಸಿಕ್ಕಿದ ಮಗುವಿನ ನಡತೆಯ ಬಗ್ಗೆ ಐವರು ದೊಡ್ಡ ಮನುಷ್ಯರು ಮೇಜಿನ ಸುತ್ತ ಕುಳಿತು ಕೊಟ್ಟ ಅಭಿಪ್ರಾಯ ಇದು. ಒಪ್ಪಿಗೆಯ ಪತ್ರದ ಮೇಲೆ ಅಜ್ಜಿಯ ಗುರುತಿದೆ. ಆಕೆಗೆ ಓದುಬರಹವಿರಲಿಲ್ಲ. ನಮ್ಮಲ್ಲಾಗಿದ್ದರೆ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಅಲ್ಲಿ ಕತ್ತರಿಯಾಕಾರದಲ್ಲಿ ಎರಡು ಗೆರೆ ಎಳೆಸಿಕೊಂಡರು. ಹೆಬ್ಬೆಟ್ಟಾದರೂ ಒತ್ತಿದವರ ಮೈಯ ಗುರುತನ್ನು ಉಳಿಸುತ್ತದೆ. ಆ ಎರಡು ಗೆರೆಗಳನ್ನು ಯಾರು ಬೇಕಾದರೂ ಎಳೆಯಬಹುದು.

ಹುಡುಗಿಗೆ ಯಾರೂ ಏನೂ ಹೇಳಲಿಲ್ಲ. ವರ್ಷಗಳು ಕಳೆದು, ನ್ಯೂಯಾರ್ಕಿನಲ್ಲಿ ಮದುವೆಯಾಗಿ, ಮಕ್ಕಳಾಗಲಿಲ್ಲವೆಂದು ವೈದ್ಯರಲ್ಲಿಗೆ ಹೋದಾಗ ಸಂಗತಿ ತಿಳಿಯಿತು. 1974ರಲ್ಲಿ ಆಕೆ ದಾವೆ ಹೂಡಿದಳು, 1983ರಲ್ಲಿ ಸೋತಳು. ಕಾಗದಪತ್ರಗಳೆಲ್ಲ ಕ್ರಮವಾಗಿಯೇ ಇದ್ದವಲ್ಲ!

ನಮ್ಮವರಿಗೆ ಇದನ್ನು ಕೇಳಿದಾಗ 1975–77ರ ತುರ್ತುಪರಿಸ್ಥಿತಿಯ ದಿನಗಳು ನೆನಪಾಗದೆ ಇರವು. 1976–77ರ ಒಂದೇ ವರ್ಷದಲ್ಲಿ ಭಾರತದಲ್ಲಿ 80 ಲಕ್ಷಕ್ಕೂ ಮಿಕ್ಕ ಸಂತಾನಹರಣ ಚಿಕಿತ್ಸೆಗಳು ನಡೆದವು; ಬಲಾತ್ಕಾರದ ದೂರುಗಳನ್ನು ಷಾ ಆಯೋಗ ವಿಚಾರಿಸಿತು. ಅಲ್ಲಿ ಮೇಲಿನಿಂದ ಗೊತ್ತುಮಾಡಿದ ಸಂಖ್ಯೆಯನ್ನು ಮುಟ್ಟುವ ಆತುರ. ಒಬ್ಬೊಬ್ಬರ ವೃತ್ತಾಂತ ಬರೆಯಲು ಯಾರಿಗೆ ಪುರಸೊತ್ತು? ಉತ್ತರ ಕ್ಯಾರೊಲೈನದ್ದು ಬೇರೆ ಬಗೆ. ಅಲ್ಲಿ ಅವಸರವಿರಲಿಲ್ಲ. ನಲವತ್ತು ವರ್ಷ ನಿಧಾನವಾಗಿ, ಒಬ್ಬೊಬ್ಬರನ್ನೂ ಬರೆದು ಬರೆದು ಮಾಡಿದರು.

ಮಂಡಲಿಯನ್ನು 1977ರಲ್ಲಿ ರದ್ದುಮಾಡಿದರು. ಬಳಿಕ ಕಡತಗಳ ಗತಿ? ನಾನು ಕಂಡ ಎಷ್ಟೋ ಕಚೇರಿಗಳಲ್ಲಿ ಇಂಥ ಇಲಾಖೆ ಮುಚ್ಚಿದರೆ ಕಾಗದವನ್ನು ರುಮಾಲಿನಲ್ಲಿ ಗಂಟುಕಟ್ಟಿ ಮೂಲೆಗೆ ಎಸೆಯುತ್ತಾರೆ. ಗೆದ್ದಲು ಉಳಿದ ಕೆಲಸ ಮಾಡುತ್ತದೆ. ಅಲ್ಲಿ ಅವು ರಾಜ್ಯದ ಪತ್ರಾಗಾರಕ್ಕೆ ಸೇರಿದವು. ಮಂಡಲಿಯ ನಡಾವಳಿಗಳು, ಒಬ್ಬೊಬ್ಬರ ಅರ್ಜಿಗಳು ಎಲ್ಲವನ್ನೂ ಜೋಡಿಸಿ, ಪೆಟ್ಟಿಗೆಗಳಲ್ಲಿಟ್ಟು, ರಹಸ್ಯವೆಂದು ಬೀಗ ಹಾಕಿದರು. ಆ ಬೀಗಕ್ಕೆ ಎರಡು ಮುಖ. ಬಡವರ ಮಾನ ಬೀದಿಗೆ ಬೀಳದಂತೆ ಅದು ಕಾಯಿತು, ನಿಜ. ಅಧಿಕಾರಿಗಳ ಮಾನವನ್ನೂ ಅಷ್ಟೇ ಚೆನ್ನಾಗಿ ಕಾಯಿತು.

1990ರ ದಶಕದಲ್ಲಿ ಯೊಹಾನಾ ಶೋನ್ ಎಂಬ ಇತಿಹಾಸದ ವಿದ್ಯಾರ್ಥಿನಿಗೆ ಈ ಕಡತಗಳನ್ನು ನೋಡುವ ಅವಕಾಶ ದೊರೆಯಿತು. ಆಕೆ ಸಾವಿರಾರು ಪ್ರಕರಣಗಳನ್ನು ಓದಿದಳು. ಓದುತ್ತ ಹೋದಂತೆ ಸರಳವಾದ ಕಥೆ ಜಟಿಲವಾಯಿತು. ಕೆಲವು ಅರ್ಜಿಗಳು ಹೆಂಗಸರು ತಾವೇ ಬೇಡಿ ಹಾಕಿಸಿಕೊಂಡವು. ಹೆತ್ತು ಹೆತ್ತು ಸೋತವರಿಗೆ ಬೇರೆ ಉಪಾಯ ದುರ್ಲಭವಾಗಿದ್ದ ಕಾಲ. ತಾನು ಮಂದಮತಿಯೆಂಬ ಹೆಸರನ್ನು ಹೊತ್ತಾದರೂ ಬಿಡುಗಡೆ ಪಡೆಯೋಣವೆಂದು ಬಂದವರು ಅವರು. ಫಲಕದ ಮೇಲಿನ ‘ಇಲ್ಲವೆ’ಯ ಅರ್ಥ ನನಗೆ ಆದದ್ದು ಆಕೆಯ ಗ್ರಂಥವನ್ನು ಓದಿದ ಮೇಲೆ. ಆದರೆ ಇಚ್ಛೆಯೆಂಬುದು ಅಷ್ಟು ಇಕ್ಕಟ್ಟಿನಲ್ಲಿ ಹುಟ್ಟಿದಾಗ ಅದನ್ನು ಇಚ್ಛೆಯೆನ್ನಬಹುದೆ ಎಂಬ ಶಂಕೆ ನನ್ನಲ್ಲಿ ಈಗಲೂ ಉಳಿದಿದೆ.

ಶೋನ್ ತಾನು ಕಂಡದ್ದನ್ನು ವಿನ್‌ಸ್ಟನ್-ಸೇಲಂ ನಗರದ ದಿನಪತ್ರಿಕೆಯವರೊಡನೆ ಹಂಚಿಕೊಂಡಳು. 2002ರ ಡಿಸೆಂಬರಿನಲ್ಲಿ ಅವರು ಲೇಖನಮಾಲೆಯನ್ನೇ ಪ್ರಕಟಿಸಿದರು. ಅದೇ ತಿಂಗಳು ರಾಜ್ಯದ ಗವರ್ನರು ಕ್ಷಮೆ ಕೇಳಿದರು. ಮರುವರ್ಷ ಕಾನೂನು ಪುಸ್ತಕದಿಂದ ಹೋಯಿತು. ಪರಿಹಾರ ಗೊತ್ತಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. 2011ರ ಜೂನ್ 22ರಂದು ರಾಲಿಯಲ್ಲಿ ನಡೆದ ಬಹಿರಂಗ ವಿಚಾರಣೆಯಲ್ಲಿ ಮುಪ್ಪಿನ ಅಂಚಿನ ಗಂಡಸರು, ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತು ಮಾತನಾಡಿದರು. ಎಲೇನ್ ರಿಡಿಕ್ ಕೂಡ ಬಂದಿದ್ದಳು. ತಾನು ಮಂದಮತಿಯಲ್ಲವೆಂದು ಆಕೆ ಅಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಆ ಒಂದೇ ಹೆರಿಗೆಯಲ್ಲಿ ಹುಟ್ಟಿದ ಮಗ ಬೆಳೆದು ಸ್ವಂತ ಉದ್ಯಮ ನಡೆಸುವವನಾಗಿ ತಾಯಿಯ ಪಕ್ಷವಾಗಿ ನಿಂತಿದ್ದನು.

2013ರಲ್ಲಿ ಶಾಸನಸಭೆ ಒಂದು ಕೋಟಿ ಡಾಲರುಗಳನ್ನು ಪರಿಹಾರಕ್ಕೆಂದು ಎತ್ತಿಟ್ಟಿತು. ಅಮೆರಿಕದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ಅದೇ. ಅರ್ಜಿ ಹಾಕಲು 2014ರ ಜೂನ್ 30 ಕಡೆಯ ದಿನ. ಇಲ್ಲಿಂದ ಮುಂದಿನದೇ ನನ್ನನ್ನು ಬಹಳ ಕಾಡಿದ ಭಾಗ. ಯಾರಿಗೆ ಹಣ ಸಲ್ಲಬೇಕು? ಮಂಡಲಿಯ ಅಧಿಕಾರದ ಮೇರೆಗೆ ಚಿಕಿತ್ಸೆಯಾದವರಿಗೆ. ಮಂಡಲಿಯ ಅಧಿಕಾರವಿತ್ತೆಂಬುದಕ್ಕೆ ಸಾಕ್ಷಿ ಏನು? ಪತ್ರಾಗಾರದಲ್ಲಿರುವ ಕಡತ. ಹಾಗಾಗಿ ಮುದುಕಿಯರು ತಮ್ಮ ಮದುವೆಗೆ ಮುಂಚಿನ ಹೆಸರು, ಆಗಿದ್ದ ಕೌಂಟಿ, ಹುಟ್ಟಿದ ದಿನ ಇವನ್ನೆಲ್ಲ ಬರೆದು ಕೊಟ್ಟು, ಒಂದು ಕಾಲಕ್ಕೆ ತಮ್ಮನ್ನು ಹೀನಾಯವಾಗಿ ವರ್ಣಿಸಿದ ಅದೇ ಕಾಗದ ಸಿಕ್ಕಲೆಂದು ಕಾಯಬೇಕಾಯಿತು. ಸ್ವೈರಿಣಿಯೆಂದೋ ಮಂದಮತಿಯೆಂದೋ ಯಾವಳೋ ಕಾರ್ಯಕರ್ತೆ ಟೈಪು ಮಾಡಿದ್ದ ಆ ಸಾಲುಗಳು ಈಗ ಹಣದ ಹುಂಡಿಯಾದವು. ಕ್ರಮ ತಪ್ಪದೆ ಕಾಗದ ಇಟ್ಟ ಆ ಗುಮಾಸ್ತರನ್ನು ಶಪಿಸಬೇಕೋ ನೆನೆಯಬೇಕೋ ನಾನರಿಯೆ.

786 ಅರ್ಜಿಗಳು ಬಂದವು. ಸಿಂಧುವೆಂದು ಒಪ್ಪಿದ್ದು ಸುಮಾರು 220ನ್ನು. ಅವರಿಗೆ 2014ರ ಅಕ್ಟೋಬರಿನಲ್ಲಿ ಮೊದಲ ಕಂತಾಗಿ ತಲಾ 20,000 ಡಾಲರು, ಮುಂದಿನ ಕಂತುಗಳೂ ಸೇರಿ ಒಟ್ಟು 45,000ದ ಆಸುಪಾಸು ಸಂದಿತು. 2013ರ ಜೂನ್ 30ಕ್ಕೆ ಮುಂಚೆ ತೀರಿಕೊಂಡಿದ್ದವರ ಲೆಕ್ಕ ಶೂನ್ಯ. ಅವರ ವಾರಸುದಾರರಿಗೂ ಏನೂ ಇಲ್ಲ.

ಒಪ್ಪದೆ ಹಿಂದಿರುಗಿಸಿದ ಅರ್ಜಿಗಳಲ್ಲಿ ಒಂದು ಬಗೆಯವು ಇವೆ. ಕೆಲವು ಕೌಂಟಿಗಳಲ್ಲಿ ಕಲ್ಯಾಣಾಧಿಕಾರಿಯೂ ಊರಿನ ವೈದ್ಯನೂ ತಮ್ಮತಮ್ಮಲ್ಲೇ ಮಾತಾಡಿಕೊಂಡು, ರಾಲಿಗೆ ಅರ್ಜಿ ಕಳಿಸುವ ಗೋಜಿಗೇ ಹೋಗದೆ ಕೆಲಸ ಮುಗಿಸಿಬಿಟ್ಟಿದ್ದರು. ಬುದ್ಧಿಪರೀಕ್ಷೆಯಿಲ್ಲ, ವೃತ್ತಾಂತವಿಲ್ಲ, ಐವರ ರುಜುವಿಲ್ಲ. ಆ ಕೆಟ್ಟ ಕಾನೂನು ಕೊಟ್ಟಿದ್ದ ಅಷ್ಟಿಷ್ಟು ರಕ್ಷಣೆಯೂ ಈ ಹೆಂಗಸರಿಗೆ ಇರಲಿಲ್ಲ. ಹೊಟ್ಟೆಯ ಮೇಲೆ ಕೊಯ್ದ ಗುರುತಿದೆ. ಮಕ್ಕಳಿಲ್ಲದ ಐವತ್ತು ವರ್ಷದ ಬಾಳಿದೆ. ಅವರೂ ಅರ್ಜಿ ಹಾಕಿಕೊಂಡರು. ಕೆಲವರು ಮೇಲ್ಮನವಿಯನ್ನೂ ಮಾಡಿಕೊಂಡರು. ಅವರಿಗೆ ಬಂದ ಉತ್ತರವನ್ನು, ನಮ್ಮ ಯಾವುದೇ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಒಮ್ಮೆ ನಿಂತವರಿಗೂ ಗೊತ್ತಿರುವ ಮೂರು ಮಾತುಗಳಲ್ಲಿ ಹೇಳಿಬಿಡಬಹುದು: ಕಡತದಲ್ಲಿ ಹೆಸರು ಇಲ್ಲ.